ಟಾರ್ಕಿಯ ತೀರದ ಗಾಲಿಮನೆಗಳು

ಆಸ್ಟ್ರೇಲಿಯಾದಲ್ಲಿ ಕ್ರಿಸ್‌ಮಸ್ ಬರುವುದು ಸುಡುಬೇಸಿಗೆಯಲ್ಲಿ. ಶಾಲೆಗಳಿಗೆ ಡಿಸೆಂಬರ್ ಕೊನೆಯಿಂದ ಜನವರಿ ಕೊನೆಯವರೆಗೆ ರಜೆ. ಎಷ್ಟೋ ಕಾರ್ಖಾನೆಗಳೂ ಕಚೇರಿಗಳೂ ಅದೇ ಹೊತ್ತಿಗೆ ಬಾಗಿಲೆಳೆಯುತ್ತವೆ. ಹಬ್ಬದೂಟ ಮುಗಿಯಿತೆಂದರೆ ಮೆಲ್ಬರ್ನ್‌ನಿಂದ ನೈಋತ್ಯಕ್ಕೆ ಹೋಗುವ ಹೆದ್ದಾರಿಯಲ್ಲಿ ಕಾರುಗಳ ಬೆನ್ನಿಗೆ ಕ್ಯಾರವಾನ್‌ಗಳು ಸಾಲುಗಟ್ಟುತ್ತವೆ. ಒಳಗೆ ಹಾಸಿಗೆ, ಒಲೆ, ಮಡಚುವ ಕುರ್ಚಿ. ಮೇಲೆ ಕಟ್ಟಿದ ಸರ್ಫ್ ಹಲಗೆ. ಹಿಂದಿನ ಸೀಟಿನಲ್ಲಿ ಮಕ್ಕಳು. ಈ ಸಾಲಿನಲ್ಲಿ ಬಹಳಷ್ಟು ಗಾಲಿಗಳು ನಿಲ್ಲುವುದು ಟಾರ್ಕಿ ಎಂಬ ಊರಿನಲ್ಲಿ.

ಟಾರ್ಕಿ ಮೆಲ್ಬರ್ನ್‌ಗೆ ಸುಮಾರು 100 ಕಿಲೋಮೀಟರ್, ಜಿಲಾಂಗ್ ನಗರಕ್ಕೆ 20 ಕಿಲೋಮೀಟರ್ ದೂರ. ಪ್ರಸಿದ್ಧ ಗ್ರೇಟ್ ಓಷನ್ ರೋಡ್ ಶುರುವಾಗುವುದು ಇಲ್ಲಿಂದ. ಪ್ರಪಂಚದಾದ್ಯಂತ ಮಾರಾಟವಾಗುವ ಎರಡು ಸರ್ಫಿಂಗ್ ಬ್ರ್ಯಾಂಡ್‌ಗಳು, ರಿಪ್ ಕರ್ಲ್ ಮತ್ತು ಕ್ವಿಕ್‌ಸಿಲ್ವರ್, ಹುಟ್ಟಿದ್ದೂ ಇಲ್ಲೇ. ಆದ್ದರಿಂದ ಊರಿನ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಅಲೆಯಿಂದ ಆರಂಭಿಸಿ ಬ್ರ್ಯಾಂಡ್‌ನಲ್ಲಿ ಮುಗಿಸುತ್ತಾರೆ. ಅಲೆ ಏರಲು ಬಂದವರು ರಾತ್ರಿ ಎಲ್ಲಿ ಮಲಗುತ್ತಿದ್ದರು ಎಂದು ಕೇಳುವವರು ಕಡಿಮೆ. ಆ ಪ್ರಶ್ನೆ ಕೇಳಿದರೆ ಬೇರೆಯದೇ ಚರಿತ್ರೆ ತೆರೆದುಕೊಳ್ಳುತ್ತದೆ. ಅದರಲ್ಲಿ ಚಾಂಪಿಯನ್ನರಷ್ಟೇ ಮುಖ್ಯರಾದವರು ವರ್ಷಕ್ಕೆ ಎರಡು ವಾರ ರಜೆ ಸಿಗುತ್ತಿದ್ದ ಕಾರ್ಮಿಕರು.

ಈ ತೀರ ವಾದಾವುರುಂಗ್ ಜನರ ನೆಲ. ಬಿಳಿಯರು ಕುರಿ ಮೇಯಿಸಲು ಬರುವುದಕ್ಕೆ ಸಾವಿರಾರು ವರ್ಷ ಮೊದಲಿನಿಂದಲೂ ಅವರು ಇಲ್ಲಿ ಚಿಪ್ಪು ಹೆಕ್ಕಿ, ಮೀನು ಹಿಡಿದು, ಋತುಮಾನಕ್ಕೆ ತಕ್ಕಂತೆ ಬೀಡುಬಿಟ್ಟು ಬದುಕಿದ್ದರು. ವಸಾಹತು ಕಾಲದಲ್ಲಿ ಊರಿನ ಹೆಸರು ಸ್ಪ್ರಿಂಗ್ ಕ್ರೀಕ್. ಇಂಗ್ಲೆಂಡಿನ ಡೆವನ್ ಪ್ರಾಂತದ ವಿಹಾರಧಾಮವೊಂದರ ಹೆಸರನ್ನು ಇದಕ್ಕೆ ಇಟ್ಟದ್ದು 19ನೆಯ ಶತಮಾನದ ಕೊನೆಯಲ್ಲಿ. 1891ರಲ್ಲಿ ಜೋಸೆಫ್ ಎಚ್. ಸ್ಕ್ಯಾಮೆಲ್ ಎಂಬ ಸರಕಿನ ಹಡಗು ಪಾಯಿಂಟ್ ಡೇಂಜರ್ ಬಳಿಯ ಬಂಡೆಗೆ ಸಿಕ್ಕಿ ಒಡೆಯಿತು. ದಡಕ್ಕೆ ತೇಲಿಬಂದ ಸರಕು ಬಾಚಲು, ಒಡೆದ ಹಡಗು ನೋಡಲು ಸುತ್ತಲಿನ ಜನ ಗಾಡಿ ಕಟ್ಟಿಕೊಂಡು ಬಂದರು. ಊರಿಗೆ ಜನಸಾಗರ ಬಂದದ್ದು ಆಗಲೇ ಮೊದಲು ಎನ್ನಬಹುದು.

ಟಾರ್ಕಿಗೆ ರೈಲು ಬರಲೇ ಇಲ್ಲ. ಮೆಲ್ಬರ್ನ್–ಜಿಲಾಂಗ್ ರೈಲು ಓಡತೊಡಗಿದ್ದು 1857ರಲ್ಲಿ. ಆದರೆ ಹಳಿ ಜಿಲಾಂಗ್‌ನಿಂದ ಈ ಕಡೆಗೆ ಹೊರಳಲಿಲ್ಲ. ರೈಲು ತಲುಪಿದ ಕಡಲ ಊರುಗಳಲ್ಲಿ ನಿಲ್ದಾಣದ ಸುತ್ತ ದೊಡ್ಡ ಹೋಟೆಲುಗಳೂ ಗೆಸ್ಟ್‌ಹೌಸುಗಳೂ ಎದ್ದವು. ಟಾರ್ಕಿಗೆ ಬರುವವರು ಮೊದಲು ಕುದುರೆಗಾಡಿಯಲ್ಲಿ, ಆಮೇಲೆ ಕಾರಿನಲ್ಲಿ ಬರಬೇಕಾಯಿತು. ಸ್ವಂತ ಗಾಡಿಯಲ್ಲಿ ಬರುವವರು ಡೇರೆ, ಪಾತ್ರೆಪಗಡ ಎಲ್ಲವನ್ನೂ ಹೇರಿಕೊಂಡು ಬರಬಲ್ಲರು. ಊರಿಗೆ ಬೀಡುಬಿಡುವ ಅಭ್ಯಾಸ ಅಂಟಿಕೊಂಡದ್ದು ಹೀಗೆ.

ಬೀಡು ಬಿಡಲು ಜಾಗವೂ ಇತ್ತು, ಮತ್ತು ಅದು ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ವಿಕ್ಟೋರಿಯಾ ರಾಜ್ಯದ ಕರಾವಳಿಯ ಶೇಕಡ 96ರಷ್ಟು ಭೂಮಿ ಇಂದಿಗೂ ಸಾರ್ವಜನಿಕರದ್ದು. ಅಲೆಗೂ ಊರಿಗೂ ನಡುವೆ ಒಂದು ಪಟ್ಟಿ ನೆಲವನ್ನು ಸರ್ಕಾರ ಮೀಸಲಿಟ್ಟು, ನೋಡಿಕೊಳ್ಳುವ ಹೊಣೆಯನ್ನು ಸ್ಥಳೀಯ ಸಮಿತಿಗಳಿಗೆ ಕೊಟ್ಟಿತು. ಸಮಿತಿಗಳು ಬೇಸಿಗೆಯಲ್ಲಿ ಆ ನೆಲವನ್ನು ಬೀಡುದಾರರಿಗೆ ಬಿಟ್ಟು, ಬಂದ ಶುಲ್ಕದಲ್ಲಿ ನಲ್ಲಿ, ಶೌಚಾಲಯ, ಮರಗಿಡ, ಕಾಲುದಾರಿಗಳನ್ನು ನೋಡಿಕೊಂಡವು. ಬಡಾವಣೆ ಮಾಡಿ ಮಾರಿದ್ದರೆ ಒಂದೇ ತಲೆಮಾರಿನಲ್ಲಿ ಬಂಗಲೆಗಳ ಸಾಲಾಗಿ ಮುಚ್ಚಿಹೋಗಬಹುದಾಗಿದ್ದ ನೆಲವದು. ಸಮುದ್ರಕ್ಕೆ ಅತಿ ಹತ್ತಿರದ, ಎಲ್ಲಕ್ಕಿಂತ ಚೆಂದದ ನೋಟವಿರುವ ಜಾಗ ಊರಿನಲ್ಲೇ ಅತಿ ಅಗ್ಗದ ತಂಗುದಾಣವಾಯಿತು. ಈ ಊರಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿಲ್ಲ.

ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಲ್ಲಿ ಗ್ರೇಟ್ ಓಷನ್ ರೋಡ್ ಕಡಿಯಲು ಶುರುಮಾಡಿದರು. ಗುದ್ದಲಿ, ಪಿಕಾಸಿ, ಸಿಡಿಮದ್ದುಗಳಿಂದ ಸುಮಾರು 3,000 ಮಂದಿ ಕಡಲ ಬಂಡೆಗಳನ್ನು ಒಡೆದರು, ದಾರಿಯುದ್ದಕ್ಕೂ ಡೇರೆಗಳಲ್ಲೇ ಮಲಗಿದರು. 1932ರ ನವೆಂಬರ್‌ನಲ್ಲಿ ರಸ್ತೆ ಪೂರ್ತಿಯಾಗಿ ತೆರೆಯಿತು. ಸತ್ತ ಗೆಳೆಯರ ನೆನಪಿಗಾಗಿ ಕಟ್ಟಿದ ಈ ದಾರಿ ಟಾರ್ಕಿಯನ್ನು ಪ್ರವಾಸಿಗರ ಹೆಬ್ಬಾಗಿಲು ಮಾಡಿತು. ಆದರೆ ಅದೇ ವರ್ಷಗಳಲ್ಲಿ ಆರ್ಥಿಕ ಕುಸಿತ, ಬೆನ್ನಿಗೇ ಇನ್ನೊಂದು ಯುದ್ಧ. ಕಾರು ಶ್ರೀಮಂತರದ್ದಾಗಿಯೇ ಉಳಿಯಿತು. ಮರದ ಚೌಕಟ್ಟಿಗೆ ಹಲಗೆ ಬಡಿದು ಮನೆಯ ಹಿತ್ತಲಲ್ಲೇ ಕ್ಯಾರವಾನ್ ಕಟ್ಟಿಕೊಂಡ ಉತ್ಸಾಹಿಗಳು ಅಲ್ಲಲ್ಲಿ ಇದ್ದರು, ಅಷ್ಟೇ.

ವಿಹಾರಕ್ಕೆಂದೇ ಕಟ್ಟಿದ ಮೊದಲ ಕ್ಯಾರವಾನ್ ಇಂಗ್ಲೆಂಡಿನದು. ನೌಕಾಪಡೆಯ ವೈದ್ಯರಾಗಿದ್ದು ಆಮೇಲೆ ಲೇಖಕರಾದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಬ್ರಿಸ್ಟಲ್‌ನ ಗಾಡಿ ಕಾರ್ಖಾನೆಯಲ್ಲಿ ಕಟ್ಟಿಸಿದ ಆ ಬಂಡಿಯನ್ನು ಎಳೆಯುತ್ತಿದ್ದುದು ಕುದುರೆಗಳು. ಅಲ್ಲಿ ಅದು ಉಳ್ಳವರ ಹವ್ಯಾಸ. ಅದೇ ಗಾಲಿಮನೆ ಆಸ್ಟ್ರೇಲಿಯಾದಲ್ಲಿ ಕಾರ್ಮಿಕರ ಮನೆಯಂಗಳಕ್ಕೆ ಬರಬೇಕಾದರೆ ಮೂರು ಸಂಗತಿ ಒಟ್ಟಿಗೆ ಕೂಡಿಬರಬೇಕಿತ್ತು: ರಜೆ, ಕಾರು, ಪೆಟ್ರೋಲು.

ರಜೆ ಬಂದದ್ದು ಕಾರ್ಮಿಕ ಸಂಘಗಳ ಹೋರಾಟದಿಂದ. 1936ರಲ್ಲಿ ಮುದ್ರಣ ಉದ್ಯಮದ ನೌಕರರು ವರ್ಷಕ್ಕೆ ಒಂದು ವಾರ ಸಂಬಳಸಹಿತ ರಜೆ ಗಳಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಅದು ಎರಡು ವಾರವಾಗಿ ಬೇರೆ ಬೇರೆ ಉದ್ಯಮಗಳಿಗೆ ಹರಡಿತು, 1963ರಲ್ಲಿ ಮೂರು ವಾರ, 1970ರ ದಶಕದಲ್ಲಿ ನಾಲ್ಕು ವಾರ. ವಾರಕ್ಕೆ 40 ಗಂಟೆ ಕೆಲಸ ಎಂಬ ನಿಯಮ 1948ರ ಜನವರಿಯಿಂದ ಜಾರಿಗೆ ಬಂದಿತು. ಅದೇ ವರ್ಷದ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದಲ್ಲೇ ತಯಾರಾದ ಹೋಲ್ಡನ್ ಕಾರು 733 ಪೌಂಡ್ ಬೆಲೆಗೆ ಮಾರಾಟಕ್ಕೆ ಬಂದಿತು. ಬಹುಪಾಲು ಕುಟುಂಬಗಳಿಗೆ ಅದಿನ್ನೂ ದೊಡ್ಡ ಮೊತ್ತವೇ; ಹೆಸರು ಬರೆಸಿ ಸರದಿಗೆ ಕಾಯಬೇಕಿತ್ತು. 1950ರ ಫೆಬ್ರವರಿಯಲ್ಲಿ ಪೆಟ್ರೋಲ್ ಪಡಿತರ ಮುಗಿಯಿತು. ಅಲ್ಲಿಗೆ ದಾರಿ ತೆರೆಯಿತು.

ಸುಮಾರು 60 ಅಶ್ವಶಕ್ತಿಯ ಆ ಹೋಲ್ಡನ್ ಎಂಜಿನ್ ಭಾರೀ ಗಾಡಿ ಎಳೆಯಲಾರದು. ಆದ್ದರಿಂದ ಕ್ಯಾರವಾನ್ ಕಟ್ಟುವವರ ಬುದ್ಧಿಯೆಲ್ಲ ತೂಕ ಇಳಿಸುವುದರಲ್ಲಿ ಓಡಿತು. ಪ್ಲೈವುಡ್, ಮೇಸನೈಟ್ ಹಲಗೆ, ಆಮೇಲೆ ಅಲ್ಯೂಮಿನಿಯಂ ತಗಡು. ಸಿಡ್ನಿಯ ಟಾಮ್ ಪ್ರಾಪರ್ಟ್ ಮಡಚಿಡಬಹುದಾದ ಕ್ಯಾರವಾನ್ ಮಾಡಿದರು. ಮಡಚಿದಾಗ ಗಾಳಿಯ ಒತ್ತಡ ಕಡಿಮೆ, ಬಿಚ್ಚಿದಾಗ ಒಂದು ಪುಟ್ಟ ಕೋಣೆ. ವಿಕ್ಟೋರಿಯಾದ ಬ್ಯಾಲರಾಟ್‌ನಲ್ಲಿ ಫ್ರ್ಯಾಂಕ್ಲಿನ್, ಸಿಡ್ನಿಯಲ್ಲಿ ವೈಕೌಂಟ್ ಕಂಪನಿಗಳು ಬೆಳೆದವು. 1975ರಲ್ಲಿ ಜೆರ್ರಿ ರಯನ್ ಎಂಬ ಯುವಕ ಮೆಲ್ಬರ್ನ್ ಆಗ್ನೇಯದ ಕ್ರ್ಯಾನ್‌ಬೋರ್ನ್‌ನಲ್ಲಿ ಶುರುಮಾಡಿದ ಜೇಕೊ ಇಂದು ದೇಶದ ಅತಿ ದೊಡ್ಡ ಕ್ಯಾರವಾನ್ ಕಂಪನಿ. ನಗರದ ಉತ್ತರ ತುದಿಯ ಕ್ಯಾಂಬೆಲ್‌ಫೀಲ್ಡ್‌ನಲ್ಲಂತೂ ರಸ್ತೆ ರಸ್ತೆಗೂ ಕ್ಯಾರವಾನ್ ಕಾರ್ಖಾನೆ.

ಟಾರ್ಕಿಗೆ ಹತ್ತಿರದ ಜಿಲಾಂಗ್ ಅಪ್ಪಟ ಕಾರ್ಖಾನೆಗಳ ಊರು. ಉಣ್ಣೆ ಗಿರಣಿಗಳು, 1925ರಿಂದ ಫೋರ್ಡ್ ಕಾರು, 1954ರಿಂದ ಶೆಲ್ ಎಣ್ಣೆ ಶುದ್ಧೀಕರಣ ಘಟಕ. ಆ ಪಾಳಿಗಳಲ್ಲಿ ದುಡಿದವರಿಗೆ ಅರ್ಧ ಗಂಟೆಯ ದಾರಿಯಲ್ಲಿ ಕಡಲು. ಕ್ರಿಸ್‌ಮಸ್ ರಜೆಗೆ ಕುಟುಂಬವನ್ನು ತೀರದ ಕ್ಯಾರವಾನ್ ಪಾರ್ಕಿನಲ್ಲಿ ಬಿಟ್ಟು, ರಜೆ ಮುಗಿದ ಮೇಲೂ ಮಕ್ಕಳನ್ನು ತಾಯಿಯೊಂದಿಗೆ ಅಲ್ಲೇ ಇರಿಸಿ, ಗಂಡಸರು ಅಲ್ಲಿಂದಲೇ ಕೆಲಸಕ್ಕೆ ಹೋಗಿಬರಬಹುದಿತ್ತು. ಹೋಟೆಲಿನ ಕೋಣೆಯಲ್ಲಿ ಇಂಥ ರಜೆ ಸಾಧ್ಯವಿರಲಿಲ್ಲ.

ಆ ಕಾಲದ ಕ್ಯಾರವಾನ್ ಒಳಗೆ ನಾಲ್ವರು ಎದ್ದು ನಿಂತರೆ ಉಸಿರು ಕಟ್ಟುತ್ತಿತ್ತು. ಆದ್ದರಿಂದ ಪಕ್ಕಕ್ಕೆ ಒಂದು ಕ್ಯಾನ್ವಾಸ್ ಚಾವಡಿ ಎಳೆದು ಕಟ್ಟುತ್ತಿದ್ದರು. ಅಡುಗೆ, ಇಸ್ಪೀಟು, ಹಗಲು ನಿದ್ದೆ ಎಲ್ಲ ಅಲ್ಲೇ. ಫ್ರಿಜ್ ಬದಲು ಮಂಜುಗಡ್ಡೆಯ ಪೆಟ್ಟಿಗೆ, ರಾತ್ರಿಗೆ ಸೀಮೆಎಣ್ಣೆ ದೀಪ. ಸ್ನಾನ, ಬಟ್ಟೆ ಒಗೆತ, ಶೌಚ ಎಲ್ಲವೂ ಸಾಮೂಹಿಕ ಕಟ್ಟಡದಲ್ಲಿ. ಬೆಂಗಳೂರು, ಮೈಸೂರಿನ ಹಳೆಯ ವಠಾರಗಳನ್ನು ಬಲ್ಲವರಿಗೆ ಈ ಬದುಕಿನ ಲಯ ಕೂಡಲೇ ತಿಳಿಯುತ್ತದೆ: ನಲ್ಲಿಯ ಮುಂದೆ ಸರದಿ, ಪಕ್ಕದ ಒಲೆಯ ವಾಸನೆ, ಯಾರ ಮಗು ಯಾರ ಮನೆಯಲ್ಲಿ ಉಣ್ಣುತ್ತಿದೆ ಎಂಬ ಲೆಕ್ಕವಿಲ್ಲದ ಸಲಿಗೆ. ವರ್ಷವರ್ಷವೂ ಅದೇ ಕುಟುಂಬ ಅದೇ ಸೈಟಿಗೆ ಬರುತ್ತಿತ್ತು. ಪಕ್ಕದ ಸೈಟಿನವರೂ ಅವರೇ. ವಾರ್ಷಿಕ ಪರವಾನಗಿ ಪಡೆದು ಕ್ಯಾರವಾನನ್ನು ವರ್ಷವಿಡೀ ಅಲ್ಲೇ ನಿಲ್ಲಿಸುವ ಪದ್ಧತಿಯೂ ಬೆಳೆಯಿತು. ಗಾಡಿ ಅಲ್ಲೇ ಇರಬಹುದು, ಜನ ಮಾತ್ರ ಕಾಯಂ ಆಗಿ ವಾಸಿಸುವಂತಿಲ್ಲ. ಅಜ್ಜ ಹಿಡಿದ ಸೈಟಿನಲ್ಲಿ ಮೊಮ್ಮಕ್ಕಳು ಬೇಸಿಗೆ ಕಳೆದ ಮನೆತನಗಳು ಈ ಕರಾವಳಿಯಲ್ಲಿ ಎಷ್ಟೋ ಇವೆ.

ಅಲೆಯ ಕಥೆ ಸೇರಿಕೊಳ್ಳುವುದು ಇಲ್ಲಿಗೆ. ಟಾರ್ಕಿಯ ಜೀವರಕ್ಷಕ ಕ್ಲಬ್ ಹುಟ್ಟಿದ್ದು 1940ರ ದಶಕದ ನಡುವಿನಲ್ಲಿ. ಅದರ ಯುವಕರು ಬಳಸುತ್ತಿದ್ದುದು ಹದಿನೈದು ಹದಿನಾರು ಅಡಿ ಉದ್ದದ, ಒಳಗೆ ಟೊಳ್ಳಾದ ಪ್ಲೈವುಡ್ ಹಲಗೆಗಳನ್ನು. ಅವು ನೇರ ಓಡುತ್ತಿದ್ದವು, ತಿರುಗುತ್ತಿರಲಿಲ್ಲ. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಟಾರ್ಕಿಯಲ್ಲಿ ಅಂತಾರಾಷ್ಟ್ರೀಯ ಜೀವರಕ್ಷಕರ ಕ್ರೀಡೆಗಳು ನಡೆದವು. ಅಮೆರಿಕದ ತಂಡದಲ್ಲಿ ಬಂದ ಗ್ರೆಗ್ ನೋಲ್, ಟಾಮಿ ಜಾನ್ ಮೊದಲಾದವರು ತಮ್ಮೊಂದಿಗೆ ಬಾಲ್ಸಾ ಮರದ ಹಗುರ ಮಾಲಿಬು ಹಲಗೆಗಳನ್ನು ತಂದಿದ್ದರು. ಅವರು ಅಲೆಯ ಮೈಮೇಲೆ ಅಡ್ಡಡ್ಡ ಜಾರುತ್ತ, ಬೇಕಾದಲ್ಲಿ ಹೊರಳುತ್ತ ಹೋದದ್ದನ್ನು ದಡದ ಜನ ಬಾಯಿ ಬಿಟ್ಟುಕೊಂಡು ನೋಡಿದರು. ಕೆಲವೇ ವರ್ಷಗಳಲ್ಲಿ ಹಳೆಯ ಹಲಗೆಗಳು ಮೂಲೆ ಸೇರಿದವು. ಹೊಸವು ಕಾರಿನ ಮೇಲೆ ಕಟ್ಟಬಹುದಾದಷ್ಟು ಚಿಕ್ಕವು. ಅಂದರೆ ರಜೆಗೆ ಬರುವ ಹುಡುಗನೂ ತನ್ನ ಹಲಗೆಯನ್ನು ಜೊತೆಗೆ ತರಬಹುದಾಯಿತು.

ಊರಿನ ಪಕ್ಕದ ಬೆಲ್ಸ್ ಬೀಚ್‌ನಲ್ಲಿ ದಕ್ಷಿಣ ಸಾಗರದಿಂದ ಬರುವ ಅಲೆಗಳು ಕಲ್ಲಿನ ಹಾಸಿನ ಮೇಲೆ ಉದ್ದಕ್ಕೆ ಮುರಿಯುತ್ತವೆ. ಆದರೆ ಅಲ್ಲಿಗೆ ದಾರಿಯಿರಲಿಲ್ಲ, ಹಲಗೆ ಹೊತ್ತು ನಡೆಯಬೇಕಿತ್ತು. 1960ರಲ್ಲಿ ಜೋ ಸ್ವೀನಿ ಎಂಬ ಸ್ಥಳೀಯ ಸರ್ಫರ್ ಬುಲ್ಡೋಜರ್ ಬಾಡಿಗೆಗೆ ತಂದು ಪೊದೆ ಕಡಿಸಿ ದಾರಿ ಮಾಡಿಸಿದರು, ಖರ್ಚಿಗಾಗಿ ಸರ್ಫರ್‌ಗಳಿಂದ ತಲೆಗೊಂದು ಪೌಂಡ್ ಎತ್ತಿದರು. 1962ರ ಜನವರಿಯಲ್ಲಿ ಪೀಟರ್ ಟ್ರಾಯ್ ಮತ್ತು ವಿಕ್ ಟಾಂಟೌ ಸೇರಿ ಅಲ್ಲಿ ಸ್ಪರ್ಧೆ ನಡೆಸಿದರು. ಬೇಸಿಗೆಯಲ್ಲಿ ಬೆಲ್ಸ್‌ನ ಅಲೆ ಸಣ್ಣದು, ಶರತ್ಕಾಲಕ್ಕೆ ದೊಡ್ಡದಾಗುತ್ತದೆ. ಹಾಗಾಗಿ ಮರುವರ್ಷದಿಂದ ಸ್ಪರ್ಧೆ ಈಸ್ಟರ್‌ಗೆ ಹೋಯಿತು. ನಾಲ್ಕು ದಿನಗಳ ಆ ರಜೆ ಕ್ಯಾರವಾನ್‌ನವರ ಪಾಲಿಗೆ ಹಂಗಾಮಿನ ಕೊನೆಯ ಬೀಡು. ಸಮುದ್ರದ ಲೆಕ್ಕವೂ ರಜೆಯ ಲೆಕ್ಕವೂ ಒಂದೇ ವಾರದಲ್ಲಿ ಕೂಡಿದ್ದರಿಂದ ಸ್ಪರ್ಧೆಗೆ ಪ್ರೇಕ್ಷಕರೂ ಸಿಕ್ಕರು.

ಹತ್ತಿರದ ಲೋರ್ನ್ ಊರಿನ ಗೇಲ್ ಕೂಪರ್ 1960, 70ರ ದಶಕಗಳಲ್ಲಿ ಬೆಲ್ಸ್ ಮಹಿಳಾ ಸ್ಪರ್ಧೆಯನ್ನು 10 ಬಾರಿ ಗೆದ್ದರು. ಹಣವೂ ಇಲ್ಲದ, ಪತ್ರಿಕೆಗಳೂ ಗಮನಿಸದ ಕಾಲದಲ್ಲಿ ಗೆದ್ದ ಅವರ ಹೆಸರು ಇನ್ನೂ ಹೆಚ್ಚು ಜನಕ್ಕೆ ತಿಳಿದಿರಬೇಕಿತ್ತು. 1973ರಲ್ಲಿ ಸ್ಪರ್ಧೆ ವೃತ್ತಿಪರವಾಯಿತು. ಆ ವರ್ಷದಿಂದ ಸತತ ಮೂರು ಸಲ ಮೈಕೆಲ್ ಪೀಟರ್ಸನ್ ಗೆದ್ದರು. 1981ರ ಭಾರೀ ಅಲೆಗಳಲ್ಲಿ ಸೈಮನ್ ಆಂಡರ್ಸನ್ ತಾವೇ ರೂಪಿಸಿದ ಮೂರು ರೆಕ್ಕೆಯ ಹಲಗೆಯ ಮೇಲೆ ಗೆದ್ದ ಮೇಲೆ ಜಗತ್ತಿನ ಸರ್ಫ್ ಹಲಗೆಗಳ ಆಕಾರವೇ ಬದಲಾಯಿತು.

ಇಲ್ಲಿನ ನೀರು ತಣ್ಣಗೆ ಕೊರೆಯುತ್ತದೆ. ಮೊದಲಿನವರು ಉಣ್ಣೆಯ ಜರ್ಸಿ ತೊಟ್ಟು ಅಲೆಗೆ ಇಳಿಯುತ್ತಿದ್ದರು. ಆ ಚಳಿಯೇ ಒಂದು ಕಸುಬನ್ನು ಹುಟ್ಟಿಸಿತು. 1969ರಲ್ಲಿ ಡಗ್ ವಾರ್‌ಬ್ರಿಕ್ ಮತ್ತು ಬ್ರಯನ್ ಸಿಂಗರ್ ಟಾರ್ಕಿಯಲ್ಲಿ ಹಲಗೆ ಮಾಡಲು ಆರಂಭಿಸಿ, ಹಳೆಯ ಬೇಕರಿ ಕಟ್ಟಡವೊಂದಕ್ಕೆ ಬಂದು, ಹೊಲಿಗೆ ಯಂತ್ರವಿಟ್ಟು ರಬ್ಬರಿನ ವೆಟ್‌ಸೂಟ್ ಹೊಲಿಯತೊಡಗಿದರು. ಅದು ರಿಪ್ ಕರ್ಲ್. ಅದೇ ವರ್ಷ ಅಲನ್ ಗ್ರೀನ್ ಮತ್ತು ಜಾನ್ ಲಾ ಅಲೆಗೆ ಒಗ್ಗುವ ಚಡ್ಡಿಗಳನ್ನು ಹೊಲಿಸಿ ಕ್ವಿಕ್‌ಸಿಲ್ವರ್ ಕಟ್ಟಿದರು. ಸಣ್ಣ ಊರಿನಲ್ಲಿ ಇಂಥ ಅಂಗಡಿ ನಿಲ್ಲಬೇಕಾದರೆ ಗಿರಾಕಿ ಬೇಕು. ವರ್ಷವಿಡೀ ಊರಿನಲ್ಲಿದ್ದವರು ಕೆಲವೇ ಜನ. ಬೇಸಿಗೆಗೆ, ಈಸ್ಟರ್‌ಗೆ ತೀರದ ಪಾರ್ಕುಗಳಿಗೆ ಬಂದು ಇಳಿಯುತ್ತಿದ್ದ ಕುಟುಂಬಗಳ ಹುಡುಗ ಹುಡುಗಿಯರೇ ಇವರ ಸಂತೆ. ಕ್ಯಾರವಾನ್ ಪಾರ್ಕ್ ಇಲ್ಲದಿದ್ದರೂ ಬೆಲ್ಸ್‌ನಲ್ಲಿ ಅಲೆ ಏಳುತ್ತಿತ್ತು, ಆದರೆ ಸರ್ಫಿಂಗ್ ಉದ್ಯಮ ಈ ಊರಿನಲ್ಲಿ ನೆಲೆಯೂರುತ್ತಿತ್ತೆಂದು ಹೇಳುವುದು ಕಷ್ಟ. 2019ರಲ್ಲಿ ರಿಪ್ ಕರ್ಲ್ 35 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ಕಠ್ಮಂಡು ಕಂಪನಿಯ ಪಾಲಾಯಿತು.

ಎಲ್ಲರೂ ಪಾರ್ಕಿಗೆ ದುಡ್ಡು ಕೊಟ್ಟು ಮಲಗುತ್ತಿರಲಿಲ್ಲ. ಮೆಲ್ಬರ್ನ್‌ನ ಕ್ಲೇಟನ್ ಕಾರ್ಖಾನೆಯಿಂದ ಬಂದ ಫೋಕ್ಸ್‌ವ್ಯಾಗನ್ ಕೊಂಬಿ, 1974ರಲ್ಲಿ ಬಂದ ಹೋಲ್ಡನ್ ಸ್ಯಾಂಡ್‌ಮನ್ ವ್ಯಾನು, ಇವುಗಳ ಹಿಂಭಾಗಕ್ಕೆ ಹಾಸಿಗೆ ಎಸೆದು ಬಂಡೆಯಂಚಿನಲ್ಲಿ ರಾತ್ರಿ ಕಳೆಯುವ ಯುವಕರ ಪಡೆಯೇ ಇತ್ತು. ಪಾರ್ಕಿನ ಗೃಹಸ್ಥರಿಗೂ ಇವರಿಗೂ ಅಷ್ಟಕ್ಕಷ್ಟೆ. ಆದರೂ ಬೆಲ್ಸ್ ಉಳಿದದ್ದು ಸರ್ಫರ್‌ಗಳ ಕಾಳಜಿಯಿಂದಲೇ. 1971ರಲ್ಲಿ ಅದನ್ನು ಸರ್ಫಿಂಗ್‌ಗೆ ಮೀಸಲಾದ ತಾಣವೆಂದು ಘೋಷಿಸಲಾಯಿತು; ಜಗತ್ತಿನಲ್ಲೇ ಇಂಥದ್ದು ಮೊದಲನೆಯದು. ಇಂದು ಅಲ್ಲಿ ಹೋಟೆಲಿಲ್ಲ, ಅಂಗಡಿಯಿಲ್ಲ, ವಾಹನ ನಿಲ್ಲಿಸಿ ಮೆಟ್ಟಿಲಿಳಿದರೆ ಸಮುದ್ರ. 1991ರ ಹಾಲಿವುಡ್ ಚಿತ್ರ ‘ಪಾಯಿಂಟ್ ಬ್ರೇಕ್’ನ ಕೊನೆಯಲ್ಲಿ ಬೆಲ್ಸ್ ಎಂದು ತೋರಿಸಿದ ಕಡಲು ಅಮೆರಿಕದ ಆರೆಗಾನ್‌ನದು.

1994ರಲ್ಲಿ ಸ್ಥಳೀಯ ಆಡಳಿತಗಳನ್ನು ಮರುವಿಂಗಡಿಸಿದಾಗ ಈ ಭಾಗಕ್ಕೆ ಸರ್ಫ್ ಕೋಸ್ಟ್ ಶೈರ್ ಎಂದೇ ಹೆಸರಿಟ್ಟರು. ಅದರ ಕಚೇರಿ ಟಾರ್ಕಿಯಲ್ಲಿದೆ, ರಾಷ್ಟ್ರೀಯ ಸರ್ಫಿಂಗ್ ವಸ್ತುಸಂಗ್ರಹಾಲಯವೂ ಅಲ್ಲೇ. ಊರು ಬೆಳೆಯಿತು. 2021ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ ಸುಮಾರು 18 ಸಾವಿರ. ಕುರಿ ಮೇಯುತ್ತಿದ್ದ ಬಯಲಿನಲ್ಲಿ ಬಡಾವಣೆಗಳು ಬಂದವು. ಜಿಲಾಂಗ್‌ನ ಫೋರ್ಡ್ ಕಾರ್ಖಾನೆ 2016ರಲ್ಲಿ ಮುಚ್ಚಿತು, ಹೋಲ್ಡನ್ 2017ರಲ್ಲಿ ಕಾರು ತಯಾರಿಕೆ ನಿಲ್ಲಿಸಿತು. ಮೂರು ತಲೆಮಾರಿನ ಕ್ಯಾರವಾನ್‌ಗಳನ್ನು ಎಳೆದ ಕಾರುಗಳು ಈಗ ಆ ದೇಶದಲ್ಲಿ ಹುಟ್ಟುವುದಿಲ್ಲ.

ಕ್ಯಾರವಾನ್ ಮಾತ್ರ ಇನ್ನೂ ಅಲ್ಲೇ ಹುಟ್ಟುತ್ತದೆ. ದೇಶದಲ್ಲಿ ನೋಂದಣಿಯಾದ ಕ್ಯಾರವಾನ್, ಕ್ಯಾಂಪರ್‌ಗಳು ಏಳು ಲಕ್ಷಕ್ಕೂ ಹೆಚ್ಚು. ಕೋವಿಡ್ ಕಾಲದಲ್ಲಿ ಗಡಿಗಳು ಮುಚ್ಚಿದಾಗ ಬೇಡಿಕೆ ಇನ್ನಷ್ಟು ಏರಿತು. ಆದರೆ ಗಾಡಿಯ ರೂಪ ಬದಲಾಗಿದೆ. ಒಳಗೇ ಶೌಚಾಲಯ, ಸೌರಫಲಕ, ಫ್ರಿಜ್, ವಾಷಿಂಗ್ ಮೆಷಿನ್. ನಲ್ಲಿಯ ಮುಂದಿನ ಸರದಿ ಸಣ್ಣದಾದಷ್ಟೂ ನೆರೆಹೊರೆಯ ಮಾತೂ ಸಣ್ಣದಾಗಿದೆ. ಪಾರ್ಕುಗಳಲ್ಲಿ ಕ್ಯಾರವಾನ್ ಸೈಟುಗಳ ಪಕ್ಕದಲ್ಲಿ ಸಜ್ಜುಗೊಳಿಸಿದ ಕ್ಯಾಬಿನ್‌ಗಳು ಎದ್ದಿವೆ. ಅವು ಹೆಚ್ಚು ಬಾಡಿಗೆ ತರುತ್ತವೆ, ಮುದುಕರಿಗೂ ವಿದೇಶಿಯರಿಗೂ ಅನುಕೂಲವೂ ಹೌದು. ಆದರೆ ಒಂದೊಂದು ಕ್ಯಾಬಿನ್ ಬಂದಾಗಲೂ ಅಗ್ಗದ ಸೈಟೊಂದು ಹೋಗುತ್ತದೆ. 2020ರ ಡಿಸೆಂಬರ್‌ನಿಂದ ತೀರದ ಸಾರ್ವಜನಿಕ ಭೂಮಿ ಗ್ರೇಟ್ ಓಷನ್ ರೋಡ್ ಕರಾವಳಿ ಮತ್ತು ಉದ್ಯಾನ ಪ್ರಾಧಿಕಾರದ ಕೈಯಲ್ಲಿದೆ. ಪಾರ್ಕುಗಳ ಆದಾಯ ಕರಾವಳಿಯ ನಿರ್ವಹಣೆಗೂ ಹೋಗುತ್ತದೆ. ಟಾರ್ಕಿಯಲ್ಲಿ ಮನೆ ಕೊಳ್ಳುವುದು ಸಾಮಾನ್ಯ ಸಂಬಳದವರಿಗೆ ಎಂದೋ ಕೈಮೀರಿತು. ಇಂಥ ಹೊತ್ತಿನಲ್ಲಿ ತೀರದ ಬೀಡು ಅಗ್ಗವಾಗಿಯೇ ಉಳಿಯಬೇಕು. ಆದಾಯದ ಲೆಕ್ಕ ಅದರ ಆಮೇಲೆ ಬರಲಿ.

ಕರ್ನಾಟಕದ ಕಡಲಲ್ಲೂ ಸರ್ಫಿಂಗ್ ಎರಡು ದಶಕಗಳಿಂದ ಬೇರುಬಿಟ್ಟಿದೆ. ಮೂಲ್ಕಿಯಲ್ಲಿ ಜ್ಯಾಕ್ ಹೆಬ್ನರ್ ಕಟ್ಟಿದ ಸರ್ಫಿಂಗ್ ಆಶ್ರಮ, ಮಂತ್ರ ಸರ್ಫ್ ಕ್ಲಬ್, 2016ರಲ್ಲಿ ಸಸಿಹಿತ್ಲುವಿನಲ್ಲಿ ನಡೆದ ಇಂಡಿಯನ್ ಓಪನ್ ಸ್ಪರ್ಧೆ ಇದಕ್ಕೆ ಸಾಕ್ಷಿ. ಅಲ್ಲಿ ಅಲೆ ಏರುವ ಹುಡುಗರಲ್ಲಿ ಮೀನುಗಾರರ ಮನೆಯವರೂ ಇದ್ದಾರೆ. ರೆಸಾರ್ಟುಗಳು ದಡ ತುಂಬುವ ಮೊದಲೇ ಸಾಮಾನ್ಯರು ಅಗ್ಗವಾಗಿ ತಂಗುವ ಒಂದಿಷ್ಟು ಸಾರ್ವಜನಿಕ ನೆಲವನ್ನು ಮೀಸಲಿಡುವ ಅವಕಾಶ ಅಲ್ಲಿ ಇನ್ನೂ ಇದೆ.

ಮೆಲ್ಬರ್ನ್‌ನ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮನನ್ನು ಟ್ವೆಲ್ವ್ ಅಪಾಸಲ್ಸ್ ಬಂಡೆಗಳನ್ನು ತೋರಿಸಲು ಗ್ರೇಟ್ ಓಷನ್ ರೋಡ್‌ಗೆ ಕರೆದೊಯ್ಯುತ್ತಾರೆ. ಬೆಳಿಗ್ಗೆ ಹೊರಟು ರಾತ್ರಿ ಮರಳುವ ಅವಸರದಲ್ಲಿ ಟಾರ್ಕಿ ಕಾಫಿ ಕುಡಿಯುವ ಊರಾಗಿಬಿಡುತ್ತದೆ. ಅಲ್ಲಿ ಒಂದು ರಾತ್ರಿ ನಿಲ್ಲಿ. ಸ್ವಂತ ಕ್ಯಾರವಾನ್ ಬೇಕಿಲ್ಲ, ಅಡುಗೆಮನೆಯಿರುವ ಕ್ಯಾಬಿನ್ ಸಿಗುತ್ತದೆ, ಬಿಸಿ ಅನ್ನ ಸಾರು ಮಾಡಿಕೊಳ್ಳಬಹುದು. ಕ್ರಿಸ್‌ಮಸ್ ಮತ್ತು ಈಸ್ಟರ್ ದಿನಗಳ ಜಾಗ ತಿಂಗಳುಗಳ ಮೊದಲೇ ತುಂಬಿಹೋಗುತ್ತದೆ. ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಸುಲಭವಾಗಿ ಸಿಗುತ್ತದೆ. ಬೆಲ್ಸ್‌ನಲ್ಲಿ ದೊಡ್ಡ ಅಲೆಗಳ ಕಾಲವೂ ಅದೇ.